ಮೆರಿಟ್ ಬೇಕು ಸರಿ, ಅಳೆದವರು ಯಾರು?

2025ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ನಮ್ಮ ನೆಲಕ್ಕೇ ಬಂದು ಟೆಸ್ಟ್ ಸರಣಿಯನ್ನ 2–0 ಗೆದ್ದುಕೊಂಡು ಹೋಯ್ತು. ಕೋಲ್ಕತ್ತಾದಲ್ಲಿ 30 ರನ್‌ಗಳಿಂದ, ಗುವಾಹಟಿಯಲ್ಲಿ 408 ರನ್‌ಗಳಿಂದ. ಕೋಲ್ಕತ್ತಾದ ಆ ಪಿಚ್‌ನಲ್ಲಿ ಎರಡೂ ತಂಡ ಸೇರಿ ಹೊಡೆದದ್ದು ಒಂದೇ ಒಂದು ಅರ್ಧಶತಕ. ಅದು ಕ್ಯಾಪ್ಟನ್ ತೆಂಬಾ ಬವುಮಾ ಅವರದು, ಔಟಾಗದೆ 55. ಅದಕ್ಕೂ ಐದು ತಿಂಗಳ ಹಿಂದೆ ಇದೇ ಬವುಮಾ ಲಾರ್ಡ್ಸ್‌ನಲ್ಲಿ ಹ್ಯಾಮ್‌ಸ್ಟ್ರಿಂಗ್ ನೋವಿನಲ್ಲಿ ಕುಂಟುತ್ತಾ 66 ರನ್ ಹೊಡೆದಿದ್ದರು. ಆಸ್ಟ್ರೇಲಿಯಾ ಸೋತಿತು, ವಿಶ್ವ ಟೆಸ್ಟ್ ಚಾಂಪಿಯನ್‌ಶಿಪ್ ದಕ್ಷಿಣ ಆಫ್ರಿಕಾಗೆ ಹೋಯ್ತು. ಅವರ ಪುರುಷರ ತಂಡಕ್ಕೆ 1998ರ ನಂತರ ಸಿಕ್ಕಿದ ಮೊದಲ ಐಸಿಸಿ ಟ್ರೋಫಿ ಅದು. ಕ್ಯಾಪ್ಟನ್ ಆಗಿ ಬವುಮಾ ಆಡಿದ ಮೊದಲ 10 ಟೆಸ್ಟ್‌ಗಳಲ್ಲಿ 9 ಗೆಲುವು, 1 ಡ್ರಾ. ಸೋಲು ಸೊನ್ನೆ.

ಇಷ್ಟಾದ ಮೇಲೂ ನಮ್ಮ ವಾಟ್ಸಾಪ್ ಗ್ರೂಪ್‌ಗಳಲ್ಲಿ, ಇನ್‌ಸ್ಟಾ ಮೀಮ್‌ಗಳಲ್ಲಿ ಅವರಿಗೆ ಇರೋ ಹೆಸರು ‘ಕೋಟಾ ಕ್ಯಾಪ್ಟನ್’. ಅವರ ಎತ್ತರದ ಮೇಲೆ ಜೋಕು, ಬಣ್ಣದ ಮೇಲೆ ಜೋಕು. ಕೊನೆಗೆ ಒಂದು ಗಂಭೀರವಾದ ಸಾಲು: “ಸ್ಪೋರ್ಟ್ಸ್‌ನಲ್ಲಾದ್ರೂ ಮೆರಿಟ್ ಇರಲಿ ಗುರು.”

ಆ ಕೊನೆಯ ಸಾಲನ್ನ ನಾನು ಒಪ್ತೀನಿ. ಸ್ಪೋರ್ಟ್ಸ್‌ನಲ್ಲಿ ಮೆರಿಟ್ ಇರಲೇಬೇಕು. ದುಡ್ಡು ಕೊಟ್ಟು ಟಿಕೆಟ್ ತಗೊಂಡವನು ಒಳ್ಳೆಯ ಆಟ ನೋಡೋಕೆ ಬರ್ತಾನೆ, ಜನಗಣತಿ ನೋಡೋಕೆ ಅಲ್ಲ. ಆದರೆ ಈ ಸಾಲು ಹೇಳೋರು ಒಂದು ಪ್ರಶ್ನೆಯನ್ನ ಯಾವಾಗಲೂ ಬಿಟ್ಟುಬಿಡ್ತಾರೆ. ಮೆರಿಟ್ ಅಂತೀರಲ್ಲ, ಅದನ್ನ ಅಳೆದದ್ದು ಯಾವಾಗ? ಯಾವ ಅಳತೆಗೋಲಿನಿಂದ? ಅಳೆದವರು ಯಾರು?

ನಾವು ಇಂಜಿನಿಯರಿಂಗ್ ಓದ್ತಿರೋರು. ಪಿಯುಸಿ ಲ್ಯಾಬ್‌ನಲ್ಲಿ ಸ್ಕ್ರೂ ಗೇಜ್ ಕೈಗೆ ಕೊಟ್ಟ ದಿನ ಮೇಷ್ಟ್ರು ಮೊದಲು ಕೇಳಿದ್ದು “ಝೀರೋ ಎರರ್ ನೋಡಿದ್ರಾ?” ಅಂತ. ಉಪಕರಣವೇ ಸೊನ್ನೆಯಲ್ಲಿ ಸೊನ್ನೆ ತೋರಿಸದಿದ್ದರೆ ಮುಂದಿನ ರೀಡಿಂಗ್ ಎಷ್ಟು ಜೋಪಾನವಾಗಿ ತಗೊಂಡ್ರೂ ತಪ್ಪೇ. ಆ ಎರರ್ ಕಳೆದು ಉತ್ತರ ಬರೆದರೆ ತಂತಿಗೆ ರಿಯಾಯಿತಿ ಕೊಟ್ಟೆ ಅಂತ ಯಾರೂ ಹೇಳಲ್ಲ. ಮನುಷ್ಯರ ವಿಷಯಕ್ಕೆ ಬಂದಾಗ ಮಾತ್ರ ನಾವು ಉಪಕರಣವನ್ನ ನೋಡೋದೇ ಇಲ್ಲ, ರೀಡಿಂಗ್ ಹಿಡ್ಕೊಂಡು ಜಗಳ ಆಡ್ತೀವಿ.

ಮೂರು ಬಾಗಿಲು

ಒಂದು ಪ್ರೊಫೆಷನಲ್ ತಂಡದಲ್ಲಿ ‘ಆಯ್ಕೆ’ ಅನ್ನೋದು ಒಂದೇ ಸಲ ನಡೆಯಲ್ಲ. ಕಡಿಮೆ ಅಂದ್ರೂ ಮೂರು ಬಾಗಿಲು ಇರುತ್ತೆ.

ಮೊದಲನೆಯದು ಆಟದೊಳಗೆ ಬರೋ ಬಾಗಿಲು. ಊರಲ್ಲಿ ಮೈದಾನ ಇದೆಯಾ, ಕೋಚ್ ಇದ್ದಾರಾ, ಕಿಟ್ ತಗೊಳ್ಳೋಕೆ ದುಡ್ಡು ಇದೆಯಾ, ಸೆಲೆಕ್ಟರ್ ಆ ಕಡೆ ತಲೆ ಹಾಕ್ತಾರಾ ಅನ್ನೋದು ಇಲ್ಲಿಯ ಪ್ರಶ್ನೆ. ಎರಡನೆಯದು ಹನ್ನೊಂದರ ತಂಡದ ಬಾಗಿಲು. ಇಲ್ಲಿ ರನ್, ವಿಕೆಟ್, ಗೋಲು ಮಾತಾಡುತ್ತೆ. ಮೂರನೆಯದು ಆಡಿಸೋರ ಬಾಗಿಲು, ಅಂದರೆ ಕ್ಯಾಪ್ಟನ್, ಕೋಚ್, ಮ್ಯಾನೇಜರ್. ಇಲ್ಲಿ ಇಂಟರ್‌ವ್ಯೂ ಮಾತಾಡುತ್ತೆ, ಪರಿಚಯ ಮಾತಾಡುತ್ತೆ, “ಇವನಲ್ಲಿ ಏನೋ ಇದೆ ರೀ” ಅನ್ನೋ ಅನಿಸಿಕೆ ಮಾತಾಡುತ್ತೆ.

ನನ್ನ ವಾದ ಇಷ್ಟೇ. ಮೆರಿಟ್ ಅನ್ನೋದನ್ನ ನಿಜವಾಗಿ, ಎಲ್ಲರ ಕಣ್ಣೆದುರು ಅಳೆಯೋದು ಎರಡನೇ ಬಾಗಿಲಲ್ಲಿ ಮಾತ್ರ. ಒಂದನೇ ಮತ್ತು ಮೂರನೇ ಬಾಗಿಲಲ್ಲಿ ಅಳತೆ ಇರೋದು ತೀರಾ ಕಮ್ಮಿ, ಆದರೆ ಮೆರಿಟ್ ಅನ್ನೋ ಪದ ಕೇಳಿಸೋದು ಅಲ್ಲೇ ಜಾಸ್ತಿ. ಹಾಗಾಗಿ ವೈವಿಧ್ಯದ ನಿಯಮ ಅಂತ ಏನಾದ್ರೂ ಬೇಕಾದ್ರೆ ಅದು ಈ ಎರಡು ಬಾಗಿಲಲ್ಲಿ ಬೇಕು. ನಡುವಿನ ಬಾಗಿಲನ್ನ ಸ್ಕೋರ್‌ಬೋರ್ಡಿಗೆ ಬಿಡಬೇಕು.

ಧಾರವಾಡದಲ್ಲಿ ಹುಟ್ಟಿದ ಬೌಲರ್

ಇದಕ್ಕೆ ಬಹಳ ಹಳೆಯ ಉದಾಹರಣೆ ಹುಟ್ಟಿದ್ದು ನಮ್ಮ ಧಾರವಾಡದಲ್ಲೇ. 1876ರಲ್ಲಿ ಒಂದು ದಲಿತ ಕುಟುಂಬದಲ್ಲಿ ಹುಟ್ಟಿದ ಪಾಲ್ವಂಕರ್ ಬಾಳು ಎಡಗೈ ಸ್ಪಿನ್ನರ್. ತಂದೆ ಸೈನ್ಯದಲ್ಲಿದ್ದರು. ಬಾಳು ಪುಣೆಯಲ್ಲಿ ಕ್ರಿಕೆಟ್ ಕ್ಲಬ್‌ಗಳಲ್ಲಿ ಪಿಚ್ ಗುಡಿಸೋ, ರೋಲರ್ ಎಳೆಯೋ ಕೆಲಸಕ್ಕೆ ಸೇರಿದರು. ಸಂಬಳ ತಿಂಗಳಿಗೆ ಮೂರು ನಾಲ್ಕು ರೂಪಾಯಿ. ಬ್ರಿಟಿಷ್ ಅಧಿಕಾರಿಗಳಿಗೆ ನೆಟ್ಸ್‌ನಲ್ಲಿ ಬೌಲಿಂಗ್ ಮಾಡ್ತಾ ಮಾಡ್ತಾ ಅವರ ಕೈ ಪಳಗಿತು. ಬ್ಯಾಟ್ ಬೀಸೋದು ಸಾಹೇಬರ ಕೆಲಸ, ಬೌಲಿಂಗ್ ಇವರ ಕೆಲಸ.

ಆಮೇಲೆ ಪುಣೆಯ ಹಿಂದೂಗಳ ತಂಡಕ್ಕೆ ಒಳ್ಳೆಯ ಬೌಲರ್ ಬೇಕಾಯ್ತು. ಮಡಿವಂತರಿಗೆ ತಲೆನೋವು ಶುರು. ಜಾತಿ ನೋಡಿದ್ರೆ ಸೇರಿಸೋ ಹಾಗಿಲ್ಲ, ಗೆಲ್ಲಬೇಕು ಅಂದ್ರೆ ಬಿಡೋ ಹಾಗಿಲ್ಲ. ಕೊನೆಗೆ ಸೇರಿಸಿಕೊಂಡರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ತಿದ್ದರು. ಚಹಾ ವಿರಾಮ ಬಂದಾಗ ಮಾತ್ರ ಅವರಿಗೆ ಪೆವಿಲಿಯನ್ ಹೊರಗೆ, ಬಿಸಾಡೋ ಮಣ್ಣಿನ ಲೋಟದಲ್ಲಿ ಚಹಾ. ರಾಮಚಂದ್ರ ಗುಹಾ ಭಾರತದ ಕ್ರಿಕೆಟ್ ಚರಿತ್ರೆ ಬರೆದ ಪುಸ್ತಕದಲ್ಲಿ ಇದನ್ನೆಲ್ಲ ವಿವರವಾಗಿ ಹೇಳಿದ್ದಾರೆ.

1911ರಲ್ಲಿ ಪಟಿಯಾಲ ಮಹಾರಾಜರ ನಾಯಕತ್ವದಲ್ಲಿ ಭಾರತದ ತಂಡ ಇಂಗ್ಲೆಂಡ್ ಪ್ರವಾಸಕ್ಕೆ ಹೋಯ್ತು. ತಂಡ ಸೋತಿದ್ದೇ ಜಾಸ್ತಿ. ಆದರೆ ಬಾಳು ಒಬ್ಬರೇ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. ಇಷ್ಟು ಸೀನಿಯರ್, ಇಷ್ಟು ಅನುಭವಿ. ಬಾಂಬೆಯ ಕ್ವಾಡ್ರಾಂಗ್ಯುಲರ್ ಟೂರ್ನಿಯಲ್ಲಿ ಹಿಂದೂ ತಂಡದ ಕ್ಯಾಪ್ಟನ್ ಆಗಬೇಕಿತ್ತು ಅಲ್ವಾ? ಆಗಲಿಲ್ಲ. ವರ್ಷಾನುಗಟ್ಟಲೆ ಕ್ಯಾಪ್ಟನ್ ಪಟ್ಟ ಮೇಲ್ಜಾತಿಯವರಿಗೇ ಹೋಯ್ತು. 1920ರಲ್ಲಿ ಅವರ ತಮ್ಮಂದಿರು ಪ್ರತಿಭಟಿಸಿ ತಂಡದಿಂದ ಹೊರಗೆ ಬಂದ ಮೇಲೆ ಬಾಳುಗೆ ವೈಸ್ ಕ್ಯಾಪ್ಟನ್ ಸ್ಥಾನ ಸಿಕ್ತು. ತಮ್ಮ ವಿಠ್ಠಲ್ 1923ರಲ್ಲಿ ಕ್ಯಾಪ್ಟನ್ ಆದರು. ಆ ವರ್ಷ ಹಿಂದೂ ತಂಡವೇ ಟೂರ್ನಿ ಗೆದ್ದಿತು.

ಈಗ ಮೂರು ಬಾಗಿಲ ಲೆಕ್ಕ ಹಾಕಿ. ವಿಕೆಟ್ ಅಳೆಯೋಕೆ ಬರುತ್ತೆ, ಅದಕ್ಕೇ ಎರಡನೇ ಬಾಗಿಲು ಬಾಳುಗೆ ತೆರೆಯಿತು. ನಾಯಕತ್ವ ಅಳೆಯೋಕೆ ಬರಲ್ಲ, ಅದಕ್ಕೇ ಮೂರನೇ ಬಾಗಿಲು ಕೊನೆವರೆಗೂ ಮುಚ್ಚೇ ಇತ್ತು. ಕೂತು ತೀರ್ಮಾನ ಮಾಡಿದವರಿಗೆ ತಾವು ಅನ್ಯಾಯ ಮಾಡ್ತಿದ್ದೀವಿ ಅಂತ ಅನಿಸಿರಲಿಕ್ಕಿಲ್ಲ. ಕ್ಯಾಪ್ಟನ್‌ಗೆ ಒಂದು ಗಾಂಭೀರ್ಯ ಬೇಕು, ಸ್ಥಾನಮಾನ ಬೇಕು ಅಂತ ಅವರೂ ‘ಮೆರಿಟ್’ ಮಾತನ್ನೇ ಆಡಿರ್ತಾರೆ. ಕ್ಯಾಪ್ಟನ್ ಅಂದ್ರೆ ಹೇಗಿರಬೇಕು ಅನ್ನೋ ಚಿತ್ರ ಅವರ ತಲೆಯಲ್ಲಿ ಮೊದಲೇ ಇತ್ತು. ಆ ಚಿತ್ರ ಅವರ ಹಾಗೇ ಇತ್ತು.

ಆಡೋರು ಒಬ್ಬರು, ಆಡಿಸೋರು ಇನ್ನೊಬ್ಬರು

“ಅದೆಲ್ಲ ನೂರು ವರ್ಷದ ಹಿಂದಿನ ಮಾತು” ಅಂತೀರಾ? ಹಾಗಾದರೆ ನಮ್ಮ ಕಾಲಕ್ಕೆ ಬರೋಣ. ಈ ಮೂರನೇ ಬಾಗಿಲಿನ ಮೇಲೆ ಜಗತ್ತಿನಲ್ಲೇ ಅತಿ ಹೆಚ್ಚು ಚರ್ಚೆಯಾದ ನಿಯಮ ಇರೋದು ಅಮೆರಿಕನ್ ಫುಟ್‌ಬಾಲ್‌ನಲ್ಲಿ, ಅಂದರೆ ಎನ್‌ಎಫ್‌ಎಲ್ ಲೀಗ್‌ನಲ್ಲಿ. 32 ತಂಡ, ಒಂದೊಂದೂ ಸಾವಿರಾರು ಕೋಟಿ ರೂಪಾಯಿ ಬೆಲೆಬಾಳೋ ಬಿಸಿನೆಸ್. ಸೋತರೆ ಮಾಲೀಕರಿಗೆ ನಷ್ಟ. ಅಂಥ ಕಡೆ ಮೆರಿಟ್ ತಾನಾಗೇ ಗೆಲ್ಲಬೇಕು ಅಂತ ನಮಗನ್ನಿಸುತ್ತೆ.

ಆ ಲೀಗ್‌ನ ಆಟಗಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಪ್ಪು ವರ್ಣೀಯರು. ಆದರೆ ಎಷ್ಟೋ ದಶಕ ಅವರು ‘ಓಡೋ’ ಜಾಗಗಳಲ್ಲಿ ಇದ್ದರು, ‘ಯೋಚಿಸೋ’ ಜಾಗದಲ್ಲಿ ಇರಲಿಲ್ಲ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಅಂದ್ರೆ ತಂಡದ ಮೆದುಳು ಇದ್ದ ಹಾಗೆ. ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದ ಕಪ್ಪು ಹುಡುಗರನ್ನ ಪ್ರೊಫೆಷನಲ್ ತಂಡಗಳು ಬೇರೆ ಜಾಗಕ್ಕೆ ಬದಲಾಯಿಸ್ತಿದ್ದವು. ವಾರನ್ ಮೂನ್ ಅನ್ನೋ ಆಟಗಾರನನ್ನ 1978ರ ಡ್ರಾಫ್ಟ್‌ನಲ್ಲಿ ಒಂದು ತಂಡವೂ ತಗೊಳ್ಳಲಿಲ್ಲ. ಅವರು ಕೆನಡಾಕ್ಕೆ ಹೋದರು, ಅಲ್ಲಿಯ ಚಾಂಪಿಯನ್‌ಶಿಪ್ ಆದ ಗ್ರೇ ಕಪ್ಪನ್ನ ಎಡ್ಮಂಟನ್ ತಂಡದ ಜೊತೆ ಸತತ ಐದು ಸಲ ಗೆದ್ದರು, ಆಮೇಲೆ ಅದೇ ಎನ್‌ಎಫ್‌ಎಲ್ ಅವರನ್ನ ವಾಪಸ್ ಕರೆಯಿತು. 2006ರಲ್ಲಿ ಹಾಲ್ ಆಫ್ ಫೇಮ್‌ಗೂ ಸೇರಿಸಿತು. 1978ರಲ್ಲಿ ಅವರಿಗೆ ಮೆರಿಟ್ ಇರಲಿಲ್ವಾ? ಇತ್ತು. ಅಳೆಯೋರ ಕಣ್ಣಿನಲ್ಲಿ ಝೀರೋ ಎರರ್ ಇತ್ತು.

ಕೋಚ್‌ಗಳ ವಿಷಯ ಇನ್ನೂ ಕಷ್ಟ. ಆಧುನಿಕ ಎನ್‌ಎಫ್‌ಎಲ್‌ನಲ್ಲಿ ಮೊದಲ ಕಪ್ಪು ಹೆಡ್ ಕೋಚ್ ಬಂದದ್ದೇ 1989ರಲ್ಲಿ, ಆರ್ಟ್ ಶೆಲ್. 2002ರಲ್ಲಿ ಜಾನಿ ಕಾಕ್ರನ್ ಮತ್ತು ಸೈರಸ್ ಮೆಹ್ರಿ ಅನ್ನೋ ಇಬ್ಬರು ವಕೀಲರು 15 ವರ್ಷಗಳ ದಾಖಲೆ ತೆಗೆದು ಒಂದು ವರದಿ ಕೊಟ್ಟರು. ಸೀಸನ್‌ಗೆ 16 ಪಂದ್ಯ ಇದ್ದ ಕಾಲ ಅದು. ಕಪ್ಪು ಹೆಡ್ ಕೋಚ್‌ಗಳು ಬಿಳಿಯರಿಗಿಂತ ಸರಾಸರಿ 1.1 ಪಂದ್ಯ ಜಾಸ್ತಿ ಗೆದ್ದಿದ್ದರು. ಆದರೂ ಕೆಲಸ ಸಿಗೋದು ಕೊನೆಗೆ, ಕೆಲಸ ಹೋಗೋದು ಮೊದಲಿಗೆ. ಮಿನೆಸೋಟ ತಂಡದ ಡೆನಿಸ್ ಗ್ರೀನ್ ಹತ್ತು ವರ್ಷದಲ್ಲಿ ಮೊದಲ ಸಲ ಗೆಲುವಿಗಿಂತ ಸೋಲು ಜಾಸ್ತಿ ಕಂಡ ವರ್ಷವೇ ಹೊರಗೆ ಹೋದರು. ಪ್ಲೇಆಫ್‌ಗೆ ಹೋಗೋದನ್ನೇ ಮರೆತಿದ್ದ ಟ್ಯಾಂಪಾ ಬೇ ತಂಡವನ್ನ ಮೇಲಕ್ಕೆತ್ತಿದ ಟೋನಿ ಡಂಗಿಯವರಿಗೂ ಅದೇ ಸಮಯಕ್ಕೆ ಬೀಳ್ಕೊಡುಗೆ.

ಇದರ ಫಲವಾಗಿ 2003ರಲ್ಲಿ ಬಂದದ್ದೇ ರೂನಿ ನಿಯಮ. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಮಾಲೀಕ ಡ್ಯಾನ್ ರೂನಿ ಹೆಸರಿನದ್ದು. ಜನ ಇದನ್ನ ಕೋಟಾ ಅಂದುಕೊಂಡಿದ್ದಾರೆ, ಅದು ಕೋಟಾ ಅಲ್ಲವೇ ಅಲ್ಲ. ಹೆಡ್ ಕೋಚ್ ಕೆಲಸ ಖಾಲಿಯಾದರೆ ಅಲ್ಪಸಂಖ್ಯಾತ ಸಮುದಾಯದ ಒಬ್ಬರನ್ನಾದರೂ ಇಂಟರ್‌ವ್ಯೂ ಮಾಡಲೇಬೇಕು ಅನ್ನೋದಷ್ಟೇ ಮೂಲ ನಿಯಮ. ತಗೊಳ್ಳೋದು ಬಿಡೋದು ತಂಡದ ಇಷ್ಟ. ಅಂದರೆ ಫಲಿತಾಂಶ ಇಂಥದ್ದೇ ಇರಬೇಕು ಅಂತ ನಿಯಮ ಹೇಳಲ್ಲ, ಅಳೆಯೋ ಮುಂಚೆ ಹೊರಗೆ ಹಾಕಬೇಡಿ ಅಂತ ಹೇಳುತ್ತೆ. ಇದಕ್ಕಿಂತ ಮೆರಿಟ್ ಪರವಾದ ನಿಯಮ ಯಾವುದಿದೆ?

ಮೊದಲ ವರ್ಷಗಳಲ್ಲಿ ಫಲ ಕಂಡಿತು. 2006ರ ಹೊತ್ತಿಗೆ ಏಳು ಕಪ್ಪು ಹೆಡ್ ಕೋಚ್‌ಗಳಿದ್ದರು. 2007ರ ಫೆಬ್ರವರಿಯ ಸೂಪರ್ ಬೌಲ್ ಫೈನಲ್‌ನಲ್ಲಿ ಎರಡೂ ಕಡೆ ಕಪ್ಪು ಕೋಚ್‌ಗಳೇ. ಗೆದ್ದವರು ಇಂಡಿಯಾನಪೊಲಿಸ್ ತಂಡದ ಟೋನಿ ಡಂಗಿ, ಟ್ಯಾಂಪಾ ಬೇ ಬೇಡ ಅಂದ ಅದೇ ಡಂಗಿ. ಅದೇ 2007ರಲ್ಲಿ ಸ್ಟೀಲರ್ಸ್ ತಂಡ 34 ವರ್ಷದ ಮೈಕ್ ಟಾಮ್ಲಿನ್ ಅವರನ್ನ ಹೆಡ್ ಕೋಚ್ ಮಾಡಿತು. ಎರಡನೇ ಸೀಸನ್‌ಗೇ ಸೂಪರ್ ಬೌಲ್. ಅವರ ಮೊದಲ 18 ಸೀಸನ್‌ಗಳಲ್ಲಿ ಒಂದರಲ್ಲೂ ಗೆಲುವಿಗಿಂತ ಸೋಲು ಜಾಸ್ತಿ ಆಗಿಲ್ಲ.

ಆಮೇಲೆ? ನಿಯಮದ ಸಂದಿಗಳನ್ನ ಜನ ಕಂಡುಕೊಂಡರು. ಫೆಸ್ಟ್‌ಗೆ ಟೀ ಶರ್ಟ್ ಮಾಡಿಸುವಾಗ ನಾವೇ ಏನು ಮಾಡ್ತೀವಿ ನೆನಪಿಸಿಕೊಳ್ಳಿ. ಮೂರು ಕೊಟೇಶನ್ ಬೇಕು ಅಂತ ರೂಲ್ಸ್ ಇರುತ್ತೆ. ಯಾರಿಗೆ ಆರ್ಡರ್ ಅಂತ ಮೊದಲೇ ತೀರ್ಮಾನ ಆಗಿರುತ್ತೆ. ಉಳಿದ ಎರಡು ಕೊಟೇಶನ್ ಫೈಲಿಗೆ. ಎನ್‌ಎಫ್‌ಎಲ್‌ನಲ್ಲೂ ಎಷ್ಟೋ ಇಂಟರ್‌ವ್ಯೂಗಳು ಹೀಗೇ ಆದವು. ನಿಯಮ ಬಂದ ವರ್ಷವೇ ಡೆಟ್ರಾಯ್ಟ್ ಲಯನ್ಸ್ ಯಾರನ್ನ ತಗೋತಾರೆ ಅಂತ ಎಲ್ಲರಿಗೂ ಗೊತ್ತಿದ್ದರಿಂದ, ಕರೆದ ಕಪ್ಪು ಅಭ್ಯರ್ಥಿಗಳು ಇಂಟರ್‌ವ್ಯೂಗೆ ಬರೋದೇ ಇಲ್ಲ ಅಂದರು. ಲೀಗ್ 2 ಲಕ್ಷ ಡಾಲರ್ ದಂಡ ಹಾಕಿತು.

2022ರಲ್ಲಿ ಇನ್ನೂ ದೊಡ್ಡ ಸುದ್ದಿ ಆಯ್ತು. ಬ್ರಯಾನ್ ಫ್ಲೋರೆಸ್ ಅನ್ನೋ ಕೋಚ್ ನ್ಯೂಯಾರ್ಕ್ ಜೈಂಟ್ಸ್ ಇಂಟರ್‌ವ್ಯೂಗೆ ಕಾಯ್ತಿದ್ದರು. ಮೂರು ದಿನ ಮುಂಚೆ ಹಿರಿಯ ಕೋಚ್ ಬಿಲ್ ಬೆಲಿಚಿಕ್ ಅವರಿಂದ ಅಭಿನಂದನೆಯ ಮೆಸೇಜ್ ಬಂತು. ವಿಚಾರಿಸಿದರೆ ಅದು ಇನ್ನೊಬ್ಬ ಬ್ರಯಾನ್‌ಗೆ, ಬ್ರಯಾನ್ ಡೇಬಲ್‌ಗೆ ಕಳಿಸಬೇಕಾಗಿದ್ದ ಮೆಸೇಜ್. ಅಂದರೆ ಇವರ ಇಂಟರ್‌ವ್ಯೂ ನಡೆಯೋ ಮುಂಚೆಯೇ ಕೆಲಸ ಬೇರೆಯವರಿಗೆ ಹೋಗಿತ್ತು ಅನ್ನೋದು ಫ್ಲೋರೆಸ್ ಆರೋಪ. ನಿಶ್ಚಿತಾರ್ಥ ಮುಗಿಸಿಕೊಂಡು ಇನ್ನೊಂದು ಮನೆಗೆ ಹೆಣ್ಣು ನೋಡೋಕೆ ಹೋದ ಹಾಗೆ. ಜೈಂಟ್ಸ್ ತಂಡ ಇದನ್ನ ಒಪ್ಪಲಿಲ್ಲ. ಫ್ಲೋರೆಸ್ ಲೀಗ್ ಮೇಲೆ ಕೇಸ್ ಹಾಕಿದರು. ಕೇಸ್ ಹಾಕಿದ ದಿನ 32 ತಂಡಗಳಲ್ಲಿ ಇದ್ದ ಕಪ್ಪು ಹೆಡ್ ಕೋಚ್ ಒಬ್ಬರೇ, ಟಾಮ್ಲಿನ್.

ಈ ಕಥೆಯಿಂದ ಎರಡು ಬೇರೆ ಬೇರೆ ಪಾಠ ಕಲಿಯಬಹುದು. “ನೋಡಿ, ಡೈವರ್ಸಿಟಿ ನಿಯಮ ಬರೀ ನಾಟಕ, ತೆಗೆದುಹಾಕಿ” ಅಂತ ಒಂದು. ನನಗೆ ಕಾಣೋದು ಇನ್ನೊಂದು. ಆ ಇಂಟರ್‌ವ್ಯೂ ನಾಟಕ ಆಗಿದ್ದರೆ ಅಲ್ಲಿ ಸತ್ತದ್ದು ವೈವಿಧ್ಯ ಮಾತ್ರ ಅಲ್ಲ, ಮೆರಿಟ್ ಕೂಡ. ಯಾಕೆಂದರೆ ಆ ಕೋಣೆಯಲ್ಲಿ ಯಾರೂ ಯಾರನ್ನೂ ಅಳೆಯಲೇ ಇಲ್ಲ. ಇದೇ ಲೀಗ್‌ನಲ್ಲಿ ಕೈಲ್ ಶನಹಾನ್ ಹೆಸರಾಂತ ಕೋಚ್ ಮೈಕ್ ಶನಹಾನ್ ಮಗ. 30ನೇ ವಯಸ್ಸಿಗೇ ಹೆಡ್ ಕೋಚ್ ಆದ ಶಾನ್ ಮೆಕ್‌ವೇ ಅವರ ಅಜ್ಜ ಇನ್ನೊಂದು ತಂಡದ ದೊಡ್ಡ ಅಧಿಕಾರಿ. ಇಬ್ಬರೂ ಪ್ರತಿಭಾವಂತರು, ಅನುಮಾನ ಇಲ್ಲ. ಆದರೆ ಅವರನ್ನ ಯಾರೂ ‘ಅಪ್ಪನ ಕೋಟಾ’, ‘ಅಜ್ಜನ ಕೋಟಾ’ ಅಂತ ಕರೆದದ್ದು ನಾನು ಕೇಳಿಲ್ಲ. ಪರಿಚಯದಿಂದ ಸಿಗೋ ಮೊದಲ ಅವಕಾಶಕ್ಕೆ ನಾವು ಹೆಸರೇ ಇಟ್ಟಿಲ್ಲ. ನಿಯಮದಿಂದ ಸಿಗೋ ಮೊದಲ ಅವಕಾಶಕ್ಕೆ ಮಾತ್ರ ಹೆಸರು ಇಟ್ಟಿದ್ದೀವಿ.

ತಂಡದೊಳಗೇ ಲೆಕ್ಕ ಹಾಕಿದರೆ?

ರೂನಿ ನಿಯಮ ಇಂಟರ್‌ವ್ಯೂ ತನಕ ಮಾತ್ರ ಬರುತ್ತೆ. ದಕ್ಷಿಣ ಆಫ್ರಿಕಾದ ಕ್ರಿಕೆಟ್ ಮಂಡಳಿ ಅದನ್ನೂ ದಾಟಿ ಆಡೋ ಹನ್ನೊಂದು ಜನರಲ್ಲೇ ಲೆಕ್ಕ ಇಟ್ಟಿತು. 2016ರಲ್ಲಿ ಹಾಕಿಕೊಂಡ ಗುರಿ ಪ್ರಕಾರ ಒಂದು ಸೀಸನ್‌ನ ಸರಾಸರಿಯಲ್ಲಿ ಬಿಳಿಯರಲ್ಲದ ಆರು ಜನ, ಅದರಲ್ಲಿ ಇಬ್ಬರಾದರೂ ಕಪ್ಪು ಆಫ್ರಿಕನ್ನರು ಇರಬೇಕು.

ಯಾಕೆ ಬಂತು ಇದು? 1889ರಿಂದ 1970ರವರೆಗೆ ಆ ದೇಶ ಟೆಸ್ಟ್ ಆಡಿದ್ದು ಇಂಗ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ ಮಾತ್ರ. ಭಾರತ, ಪಾಕಿಸ್ತಾನ, ವೆಸ್ಟ್ ಇಂಡೀಸ್ ಜೊತೆ ಒಂದೂ ಇಲ್ಲ. ಕೇಪ್ ಟೌನ್‌ನ ಬೇಸಿಲ್ ಡಿ’ಒಲಿವೆರಾ ಬಣ್ಣದ ಕಾರಣಕ್ಕೆ ತನ್ನ ದೇಶಕ್ಕೆ ಆಡೋಕಾಗದೆ ಇಂಗ್ಲೆಂಡಿಗೆ ಹೋಗಿ, 1968ರಲ್ಲಿ ಓವಲ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ 158 ಹೊಡೆದರು. ಅವರಿರೋ ಇಂಗ್ಲೆಂಡ್ ತಂಡವನ್ನ ದಕ್ಷಿಣ ಆಫ್ರಿಕಾ ಸರ್ಕಾರ ಒಳಗೆ ಬಿಡಲ್ಲ ಅಂದಿತು, ಪ್ರವಾಸವೇ ರದ್ದಾಯ್ತು. ಆಮೇಲೆ 1991ರವರೆಗೆ ಬಹಿಷ್ಕಾರ. ಮೊದಲ ಕಪ್ಪು ಆಫ್ರಿಕನ್ ಟೆಸ್ಟ್ ಆಟಗಾರ ಮಖಾಯ ಎನ್‌ಟಿನಿ ಆಡಿದ್ದು 1998ರಲ್ಲಿ. ಹಾಗಾದರೆ ನೂರು ವರ್ಷ ಅಲ್ಲಿ ನಡೆದದ್ದು ಶುದ್ಧ ಕೋಟಾ. ನೂರಕ್ಕೆ ನೂರರ ಕೋಟಾ. ಅದನ್ನ ಮಾತ್ರ ಯಾರೂ ಹಾಗೆ ಕರೆಯಲಿಲ್ಲ.

ಇಷ್ಟು ಹೇಳಿದ ಮೇಲೂ, ಹನ್ನೊಂದರ ತಂಡದಲ್ಲಿ ಲೆಕ್ಕ ಇಡೋದು ನನಗೆ ಸರಿ ಅನ್ನಿಸಲ್ಲ. 2015ರ ವಿಶ್ವಕಪ್ ಸೆಮಿಫೈನಲ್ ನೋಡಿ, ಆಕ್ಲೆಂಡ್, ನ್ಯೂಜಿಲೆಂಡ್ ವಿರುದ್ಧ. ಚೆನ್ನಾಗಿ ಬೌಲ್ ಮಾಡ್ತಿದ್ದ ಕೈಲ್ ಆ್ಯಬಟ್ ಬದಲು ಗಾಯದಿಂದ ವಾಪಸ್ ಬಂದಿದ್ದ ವರ್ನನ್ ಫಿಲಾಂಡರ್ ಆಡಿದರು. ಗ್ರಾಂಟ್ ಎಲಿಯಟ್ ಸಿಕ್ಸರ್‌ಗೆ ತಂಡ ಸೋತಿತು. ಅವತ್ತಿನಿಂದ ಇವತ್ತಿನವರೆಗೆ ಆ ಆಯ್ಕೆಯ ಮೇಲೆ ವಾದ ನಡೀತಾನೇ ಇದೆ. ಎರಡು ವರ್ಷ ಕಳೆಯೋ ಮುಂಚೆ ಆ್ಯಬಟ್ ದೇಶದ ತಂಡ ಬಿಟ್ಟು ಇಂಗ್ಲೆಂಡ್ ಕೌಂಟಿಗೆ ಹೋದರು. ಅದಕ್ಕೂ ಎಷ್ಟೋ ಮುಂಚೆ ಕೆವಿನ್ ಪೀಟರ್‌ಸನ್ ಇದೇ ಕೋಟಾ ಕಾರಣ ಹೇಳಿ ಇಂಗ್ಲೆಂಡ್ ಸೇರಿದ್ದರು. ಇವು ಸುಳ್ಳು ನಷ್ಟಗಳಲ್ಲ.

ಆದರೆ ಆ ದಿನ ಹೆಚ್ಚು ಕಳೆದುಕೊಂಡದ್ದು ಫಿಲಾಂಡರ್ ಅಂತ ನನಗನ್ಸುತ್ತೆ. ಬರೀ ಏಳು ಟೆಸ್ಟ್‌ಗಳಲ್ಲಿ 50 ವಿಕೆಟ್ ತೆಗೆದ ಬೌಲರ್ ಆತ. ಯಾವ ಕಾಲದ ಯಾವ ತಂಡಕ್ಕಾದ್ರೂ ನಡೆಯೋ ಮೆರಿಟ್. ಒಂದು ಸಂಖ್ಯೆಗಾಗಿ ಆಡಿಸಿದರು ಅನ್ನೋ ಅನುಮಾನ ಅಂಥವರ ಬೆನ್ನಿಗೂ ಅಂಟಿಕೊಂಡಿತು. ಹಾಶಿಮ್ ಆಮ್ಲಾಗೂ ಶುರುವಿನಲ್ಲಿ ಅದೇ ಬಿರುದು ಸಿಕ್ಕಿತ್ತು. 2012ರಲ್ಲಿ ಓವಲ್‌ನಲ್ಲಿ ಔಟಾಗದೆ 311 ಹೊಡೆದು ಆ ದೇಶದ ಮೊದಲ ತ್ರಿಶತಕ ಬರೆದವರು ಅವರು. ಅಂದರೆ ಕೊನೇ ಹನ್ನೊಂದರಲ್ಲಿ ಸಂಖ್ಯೆ ನೋಡಿದರೆ, ಯಾರಿಗೆ ಸಹಾಯ ಮಾಡಬೇಕಿತ್ತೋ ಅವರ ಹೆಸರಿಗೇ ಮಸಿ.

ಬವುಮಾ ಹೇಗೆ ಬಂದರು ಅಂತ ನೋಡಿದರೆ ನಿಜವಾದ ಕೆಲಸ ಎಲ್ಲಿ ಆಗಬೇಕು ಅಂತ ಗೊತ್ತಾಗುತ್ತೆ. ಕೇಪ್ ಟೌನ್‌ನ ಲಂಗಾ ಅನ್ನೋ ಟೌನ್‌ಶಿಪ್ ಅವರ ಊರು. ವರ್ಣಭೇದದ ಕಾಲದಲ್ಲಿ ಕಪ್ಪು ಜನರನ್ನ ಕೂಡಿಹಾಕಿದ್ದ ಬಡಾವಣೆ. ಅಲ್ಲಿಂದ ಅವರು ಒಳ್ಳೆಯ ಮೈದಾನ, ಕೋಚ್ ಇದ್ದ ಹೆಸರಾಂತ ಶಾಲೆಗಳಿಗೆ ಹೋಗೋ ಹಾಗಾಯ್ತು. ರಗ್ಬಿಯ ಸಿಯಾ ಕೊಲಿಸಿ ಕಥೆಯೂ ಹೀಗೇ. ಜ್ವಿಡೆ ಟೌನ್‌ಶಿಪ್‌ನ ಹುಡುಗ, ಸ್ಕಾಲರ್‌ಶಿಪ್ ಮೇಲೆ ದೊಡ್ಡ ಶಾಲೆ, 2018ರಲ್ಲಿ ದೇಶದ ಮೊದಲ ಕಪ್ಪು ಟೆಸ್ಟ್ ಕ್ಯಾಪ್ಟನ್, 2019 ಮತ್ತು 2023ರಲ್ಲಿ ಎರಡು ವಿಶ್ವಕಪ್. ಹನ್ನೆರಡನೇ ವಯಸ್ಸಿಗೆ ಒಂದು ಬಾಗಿಲು ತೆರೆಯಿತು, ಮುಂದಿನದನ್ನ ಅವರೇ ನೋಡಿಕೊಂಡರು. ಲಂಗಾದಲ್ಲಿ, ಜ್ವಿಡೆಯಲ್ಲಿ ಆ ಬಾಗಿಲು ಸಿಗದ ಹುಡುಗರು ಎಷ್ಟಿದ್ದಾರೋ ಲೆಕ್ಕ ಇಟ್ಟವರಿಲ್ಲ. ಮಂಡಳಿಯ ದುಡ್ಡು, ಒತ್ತಡ, ಗುರಿ ಎಲ್ಲ ಅಲ್ಲಿಗೆ ಹೋಗಬೇಕು.

“ಹಾಗಾದ್ರೆ ಎನ್‌ಬಿಎನಲ್ಲೂ ರಿಸರ್ವೇಶನ್ ಕೊಡಿ!”

ಈ ವಾದ ಬಂದೇ ಬರುತ್ತೆ. ಅಮೆರಿಕದ ಬಾಸ್ಕೆಟ್‌ಬಾಲ್‌ನಲ್ಲಿ ಹೆಚ್ಚಿನವರು ಕಪ್ಪು ಆಟಗಾರರು, ಅಲ್ಲಿ ಏಷ್ಯನ್ನರಿಗೆ ಜಾಗ ಯಾಕೆ ಮೀಸಲಿಡಲ್ಲ ಅಂತ. ಉತ್ತರ ಸುಲಭ. ಹನ್ನೊಂದಕ್ಕಾಗಲಿ ಐದಕ್ಕಾಗಲಿ ಆಟಗಾರರ ಸಂಖ್ಯೆ ನಿಗದಿ ಮಾಡಿ ಅಂತ ನಾನು ಹೇಳ್ತಾನೇ ಇಲ್ಲ. ಆದರೆ ಅಲ್ಲೂ ಅಳತೆ ಸರಿಯಿದೆಯಾ ಅಂತ ಕೇಳಬಹುದು.

ಜೆರೆಮಿ ಲಿನ್ ಉದಾಹರಣೆ ಇದೆ. ತೈವಾನ್ ಮೂಲದ ಕುಟುಂಬ. ಹೈಸ್ಕೂಲ್ ತಂಡಕ್ಕೆ ಕ್ಯಾಲಿಫೋರ್ನಿಯಾ ರಾಜ್ಯದ ಚಾಂಪಿಯನ್‌ಶಿಪ್ ಗೆದ್ದುಕೊಟ್ಟರೂ ಯಾವ ದೊಡ್ಡ ಕಾಲೇಜೂ ಸ್ಪೋರ್ಟ್ಸ್ ಸ್ಕಾಲರ್‌ಶಿಪ್ ಕೊಡಲಿಲ್ಲ. ಹಾರ್ವರ್ಡ್‌ನಲ್ಲಿ ಆಡಿದರು. 2010ರ ಡ್ರಾಫ್ಟ್‌ನಲ್ಲಿ ಯಾರೂ ತಗೊಳ್ಳಲಿಲ್ಲ. ಎರಡು ತಂಡ ಕೈಬಿಟ್ಟವು. 2012ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ನಿಕ್ಸ್ ತಂಡದಲ್ಲಿ ಗಾಯಾಳುಗಳು ಜಾಸ್ತಿಯಾಗಿ ಬೇರೆ ದಾರಿ ಇಲ್ಲದೆ ಇವರನ್ನ ಇಳಿಸಿದರು. 25 ಪಾಯಿಂಟ್, 28, 23, ಆಮೇಲೆ ಲೇಕರ್ಸ್ ವಿರುದ್ಧ 38. ಒಂದು ವಾರದ ಹಿಂದೆ ಆ ಮೆರಿಟ್ ಎಲ್ಲಿತ್ತು? ಬೆಂಚ್ ಮೇಲೆ ಕೂತಿತ್ತು. ಬಾಸ್ಕೆಟ್‌ಬಾಲ್ ಆಟಗಾರ ಹೀಗಿರ್ತಾನೆ ಅನ್ನೋ ಚಿತ್ರಕ್ಕೆ ಆ ಮುಖ ಹೊಂದಲಿಲ್ಲ, ಅಷ್ಟೇ. ಅಂದಮೇಲೆ ಇದು ಕಪ್ಪು ಬಿಳುಪಿನ ಪ್ರಶ್ನೆ ಮಾತ್ರ ಅಲ್ಲ. ಅಳೆಯೋ ಮುಂಚೆಯೇ ನಮ್ಮ ತಲೆಯಲ್ಲಿ ಉತ್ತರ ಇದ್ದರೆ ಯಾರ ಮೆರಿಟ್ ಬೇಕಾದ್ರೂ ಕಳೆದುಹೋಗುತ್ತೆ.

ಕ್ಯಾಂಪಸ್‌ಗೆ ಬಂದರೆ

ಇದನ್ನೆಲ್ಲ ನಮ್ಮ ಮ್ಯಾಗಜೀನ್‌ನಲ್ಲಿ ಯಾಕೆ ಬರೀಬೇಕು? ಯಾಕೆಂದರೆ ನಾವೂ ಇನ್ನೆರಡು ವರ್ಷಕ್ಕೆ ಇದೇ ಮೂರನೇ ಬಾಗಿಲ ಮುಂದೆ ನಿಲ್ತೀವಿ.

ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟುದ್ದ ಬರೆಯೋಕೆ ನನಗೆ ನಾಲ್ಕು ರಾತ್ರಿ ಬೇಕಾಯ್ತು. ಆದರೆ ಗ್ರೂಪ್ ಡಿಸ್ಕಷನ್‌ನಲ್ಲಿ ಬಾಯಿ ಬಿಡೋಕೆ ನನಗೆ ನಾಲ್ಕು ಸೆಕೆಂಡೂ ಬೇಡ. ವಿಷಯ ಅರ್ಧ ಗೊತ್ತಿದ್ದರೂ ಪೂರ್ತಿ ಗೊತ್ತಿರೋ ಹಾಗೆ ಮಾತಾಡ್ತೀನಿ. ನನ್ನ ಕ್ಲಾಸ್‌ನಲ್ಲಿ ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ ಓದಿದ ಗೆಳೆಯ ಒಬ್ಬ ಇದ್ದಾನೆ. ಲ್ಯಾಬ್‌ನಲ್ಲಿ ಸರ್ಕ್ಯೂಟ್ ಕೆಲಸ ಮಾಡದಿದ್ದರೆ ನಾವೆಲ್ಲ ಹೋಗೋದು ಅವನ ಹತ್ತಿರ. ಒಂದು ಟೆಕ್ನಿಕಲ್ ಕ್ಲಬ್‌ನ ಆಯ್ಕೆಗೆ ಇಬ್ಬರೂ ಹೋಗಿದ್ದೆವು. ಇದ್ದದ್ದು ಬರೀ ಇಂಟರ್‌ವ್ಯೂ, ಕೈಗೆ ಒಂದು ಬೋರ್ಡ್ ಕೊಟ್ಟು ಏನಾದ್ರೂ ಮಾಡಿ ತೋರಿಸು ಅಂತ ಯಾರೂ ಕೇಳಲಿಲ್ಲ. ನಾನು ಆಯ್ಕೆಯಾದೆ, ಅವನು ಆಗಲಿಲ್ಲ. ಅಲ್ಲಿ ಅಳೆದದ್ದು ಎಲೆಕ್ಟ್ರಾನಿಕ್ಸ್ ಅಲ್ಲ, ಇಂಗ್ಲಿಷ್. ಬೋರ್ಡಿನ ಮೇಲೆ ಬರೆದದ್ದು ಮಾತ್ರ ‘ಮೆರಿಟ್ ಆಧಾರದ ಆಯ್ಕೆ’ ಅಂತ.

ನಮ್ಮ ಕನ್ನಡ ಸಂಘವೇನು ಕಮ್ಮಿ ಇಲ್ಲ. ನಿರೂಪಣೆಗೆ ಅಂದ್ರೆ ‘ಶುದ್ಧ’ ಕನ್ನಡ ಬೇಕು ಅಂತೀವಿ. ಯಾವ ಊರಿನ ಕನ್ನಡ ಶುದ್ಧ ಅಂತ ತೀರ್ಮಾನ ಮಾಡಿದ್ದು ಯಾರು? ಬೀದರ್‌ನ ಹುಡುಗಿ, ಕುಂದಾಪುರದ ಹುಡುಗ ಸ್ಟೇಜ್ ಹಿಂದೆ ಮೈಕ್ ವೈರ್ ಹಿಡ್ಕೊಂಡು ನಿಲ್ಲೋದು ಯಾಕೆ?

ನಾನು ಸೀಟು ಹಂಚಿ ಅಂತ ಕೇಳ್ತಿಲ್ಲ. ಮೂರು ಸಣ್ಣ ಕೆಲಸ ಕೇಳ್ತಿದ್ದೀನಿ. ಒಂದು, ಯಾವುದೇ ಕ್ಲಬ್ ಅಥವಾ ತಂಡದ ಆಯ್ಕೆಗೆ ಮುಂಚೆ ಏನನ್ನ ಅಳೀತೀವಿ ಅಂತ ಬರೆದು ನೋಟಿಸ್ ಬೋರ್ಡಿಗೆ ಹಾಕಿ. ಆಯ್ಕೆ ಮುಗಿದ ಮೇಲೆ ಕಾರಣ ಹುಡುಕೋದು ಬೇಡ. ಎರಡು, ಯಾವ ಕೆಲಸಕ್ಕೆ ತಗೋತೀರೋ ಆ ಕೆಲಸವನ್ನೇ ಮಾಡಿಸಿ ನೋಡಿ. ಬೌಲರ್ ಬೇಕಾದರೆ ಬೌಲಿಂಗ್ ಮಾಡಿಸಿ, ತನ್ನ ಬಗ್ಗೆ ತಾನು ಹೇಳೋಕೆ ಕೇಳಬೇಡಿ. ಮೂರು, ಆಯ್ಕೆ ನಡೀತಿದೆ ಅನ್ನೋ ಸುದ್ದಿ ಸೀನಿಯರ್‌ಗಳ ಪರಿಚಯ ಇರೋರಿಗೆ ಮಾತ್ರ ಅಲ್ಲ, ಎಲ್ಲ ಹಾಸ್ಟೆಲ್ ಬ್ಲಾಕ್‌ಗೂ ಮುಟ್ಟಲಿ.

ಇಷ್ಟು ಮಾಡಿದ ಮೇಲೆ ಆಯ್ಕೆಯಾದವರೆಲ್ಲ ಒಂದೇ ತರಹದವರಾಗಿದ್ದರೆ ಇರಲಿ, ನಾನು ಚಪ್ಪಾಳೆ ಹೊಡೀತೀನಿ. ಆದರೆ ಹಾಗಾಗಲ್ಲ ಅನ್ನೋದು ನನ್ನ ನಂಬಿಕೆ. ಮೂನ್, ಡಂಗಿ, ಆಮ್ಲಾ, ಲಿನ್ ಇವರೆಲ್ಲರ ಕಥೆ ಹೇಳೋದು ಅದನ್ನೇ. ಸರಿಯಾಗಿ ಅಳೆದ ದಿನ ವೈವಿಧ್ಯ ಯಾರ ದಯೆಯೂ ಇಲ್ಲದೆ ತಾನಾಗೇ ನಡೆದುಕೊಂಡು ಬರುತ್ತೆ. ಮೆರಿಟ್ ಬೇಕು ಅನ್ನೋರು ಮೊದಲು ಕೇಳಬೇಕಾದ್ದು ಅಳತೆಯ ಬಗ್ಗೆ. ಮುಂದಿನ ತಿಂಗಳು ಕ್ಲಬ್‌ಗಳ ಆಯ್ಕೆ ಶುರುವಾಗುತ್ತೆ. ಇಂಟರ್‌ವ್ಯೂ ಮೇಜಿನ ಆ ಕಡೆ ಕೂರೋ ಸೀನಿಯರ್‌ಗಳೇ, ಸ್ಕ್ರೂ ಗೇಜ್ ಈ ಸಲ ನಿಮ್ಮ ಕೈಯಲ್ಲಿದೆ. ಝೀರೋ ಎರರ್ ಒಂದ್ಸಲ ನೋಡಿಕೊಳ್ಳಿ.